48 ನಿಮಿಷ, 31 ಶಾಟ್: ಪಿಸ್ಟನ್ಸ್–ಲೇಕರ್ಸ್ 19–18 ಆಟದ ಸ್ಕೋರ್‌ಶೀಟ್ ಓದಿದಾಗ

ಸ್ಕೋರ್ ಮೊದಲೇ ಹೇಳಿಬಿಡುತ್ತೇನೆ. ಫೋರ್ಟ್ ವೇಯ್ನ್ ಪಿಸ್ಟನ್ಸ್ 19, ಮಿನಿಯಾಪೊಲಿಸ್ ಲೇಕರ್ಸ್ 18. ಇದು ಮೊದಲ ಕ್ವಾರ್ಟರ್‌ನ ಲೆಕ್ಕ ಅಲ್ಲ, ಪೂರ್ತಿ 48 ನಿಮಿಷ ಆಡಿ ಮುಗಿಸಿದ ಮೇಲಿನ ಸ್ಕೋರ್. 1950ರ ನವೆಂಬರ್ 22, ಬುಧವಾರ. ಮಾರನೇ ದಿನ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಮಿನಿಯಾಪೊಲಿಸ್ ಆಡಿಟೋರಿಯಂಗೆ ಅವತ್ತು 7,021 ಜನ ಬಂದಿದ್ದರು. ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ, ಅದರ ಇತಿಹಾಸದಲ್ಲಿ ಇದಕ್ಕಿಂತ ಕಡಿಮೆ ಸ್ಕೋರ್ ಆದ ಆಟ ಇವತ್ತಿನವರೆಗೂ ಇಲ್ಲ.

ಬ್ಯಾಸ್ಕೆಟ್‌ಬಾಲ್ ಇಷ್ಟಪಡುವವರಲ್ಲಿ ಬಹಳ ಜನ ಈ ಸ್ಕೋರ್ ಕೇಳಿರುತ್ತಾರೆ. ಕೇಳಿದ ತಕ್ಷಣ ಬರೋ ಮಾತು ಒಂದೇ: "ಆ ಕಾಲದವರಿಗೆ ಶೂಟ್ ಮಾಡೋಕೆ ಬರ್ತಿರಲಿಲ್ಲ ಬಿಡಿ." ಈ ಮಾತು ತಪ್ಪು. ತಪ್ಪು ಅಂತ ಹೇಳೋಕೆ ಬೇರೆಲ್ಲೂ ಹೋಗಬೇಕಾಗಿಲ್ಲ, ಆ ಆಟದ ಸ್ಕೋರ್‌ಶೀಟ್ ಸಾಕು. ಅದಕ್ಕೇ ಆ ಒಂದು ಹಾಳೆಯನ್ನು ಸಾಲುಸಾಲಾಗಿ ಓದೋಣ ಅಂತ ಕೂತಿದ್ದೇನೆ.

ಮೊದಲು ಆ ಎರಡು ತಂಡ ಯಾವುವು ಅಂತ ಗೊತ್ತಿರಬೇಕು. ಎನ್‌ಬಿಎ ಅನ್ನೋ ಹೆಸರು ಬಂದು ಆಗ ಒಂದು ವರ್ಷದ ಮೇಲೆ ಸ್ವಲ್ಪ ದಿನ ಆಗಿತ್ತು ಅಷ್ಟೇ. 1946ರಲ್ಲಿ ಹುಟ್ಟಿದ ಬಿಎಎ ಲೀಗ್ ಮತ್ತು ಅದಕ್ಕಿಂತ ಹಳೆಯ ಎನ್‌ಬಿಎಲ್ ಲೀಗ್ ಎರಡೂ 1949ರ ಆಗಸ್ಟ್‌ನಲ್ಲಿ ಒಂದಾಗಿ ಎನ್‌ಬಿಎ ಆಗಿತ್ತು. ಆ ಲೀಗಿನ ರಾಜ ಲೇಕರ್ಸ್. ಲಾಸ್ ಏಂಜಲಿಸ್‌ಗೆ ಹೋಗೋದು 1960ರಲ್ಲಿ, ಆಗಿನ್ನೂ ಮಿನಿಯಾಪೊಲಿಸ್ ತಂಡ. 1949 ಮತ್ತು 1950ರಲ್ಲಿ ಸತತ ಎರಡು ಸಲ ಚಾಂಪಿಯನ್ ಆಗಿತ್ತು. ಮನೆಯ ಅಂಗಳದಲ್ಲಿ ಸತತ 29 ಆಟ ಗೆದ್ದು ಕೂತಿತ್ತು. ಪಿಸ್ಟನ್ಸ್ ಇಂಡಿಯಾನಾದ ಫೋರ್ಟ್ ವೇಯ್ನ್ ಅನ್ನೋ ಊರಿನದು. ಮಾಲೀಕ ಫ್ರೆಡ್ ಜೋಲ್ನರ್‌ಗೆ ಪಿಸ್ಟನ್ ತಯಾರಿಸುವ ಕಾರ್ಖಾನೆ ಇತ್ತು, ಹೆಸರು ಬಂದಿದ್ದು ಅಲ್ಲಿಂದ. ಡೆಟ್ರಾಯಿಟ್‌ಗೆ ಹೋಗಿದ್ದು 1957ರಲ್ಲಿ.

ಆ ಸೀಸನ್ ಮುಗಿದಾಗ ಲೇಕರ್ಸ್ 44 ಗೆದ್ದು 24 ಸೋತಿತ್ತು. ಪಿಸ್ಟನ್ಸ್ 32 ಗೆದ್ದು 36 ಸೋತಿತ್ತು. ಇಬ್ಬರ ನಡುವಿನ ಅಂತರ ಇದರಲ್ಲೇ ಗೊತ್ತಾಗುತ್ತದೆ.

ಲೇಕರ್ಸ್ ಕಡೆ ಜಾರ್ಜ್ ಮೈಕನ್ ಇದ್ದರು. 6 ಅಡಿ 10 ಇಂಚು ಎತ್ತರ, ದಪ್ಪ ಕನ್ನಡಕ, ಜರ್ಸಿ ನಂಬರ್ 99. ಬುಟ್ಟಿಯ ಕೆಳಗೆ ಅವರ ಕೈಗೆ ಚೆಂಡು ಬಂತು ಅಂದರೆ ಎಡಗೈಯಲ್ಲಾದರೂ ಸರಿ, ಬಲಗೈಯಲ್ಲಾದರೂ ಸರಿ, ಹುಕ್ ಶಾಟ್ (ಒಂದೇ ಕೈಯನ್ನು ತಲೆಯ ಮೇಲಿಂದ ಬಾಗಿಸಿ ಎಸೆಯುವ ಶಾಟ್) ಹಾಕೇ ಹಾಕುತ್ತಿದ್ದರು. ಆ ಸೀಸನ್‌ನಲ್ಲಿ ಅವರ ಸರಾಸರಿ ಆಟಕ್ಕೆ 28.4 ಪಾಯಿಂಟ್. ಇಡೀ ತಂಡಗಳೇ ಸರಾಸರಿ 84 ಪಾಯಿಂಟ್ ಮಾಡುತ್ತಿದ್ದ ಕಾಲ ಅದು ಅನ್ನೋದು ನೆನಪಿರಲಿ. ಜೊತೆಗೆ ಜಿಮ್ ಪೊಲಾರ್ಡ್, ವರ್ನ್ ಮಿಕೆಲ್ಸನ್, ಸ್ಲೇಟರ್ ಮಾರ್ಟಿನ್. ಈ ನಾಲ್ವರೂ ಮುಂದೆ ಹಾಲ್ ಆಫ್ ಫೇಮ್, ಅಂದರೆ ಆಟದ ದಿಗ್ಗಜರ ಗೌರವ ಪಟ್ಟಿ, ಸೇರಿದವರು. ಕೋಚ್ ಜಾನ್ ಕುಂಡ್ಲಾ ಕೂಡ ಸೇರಿದರು.

ಇಂಥ ತಂಡದ ಎದುರು, ಅವರದೇ ಅಂಗಳದಲ್ಲಿ, ಸಮಸಮ ಓಡಿ ಆಡಿದರೆ ಸೋಲು ಖಾತ್ರಿ. ಪಿಸ್ಟನ್ಸ್ ಕೋಚ್ ಮರ್ರೆ ಮೆಂಡೆನ್‌ಹಾಲ್ ಆಟ ಶುರುವಾಗೋ ಮೊದಲೇ ತೀರ್ಮಾನ ಮಾಡಿಕೊಂಡು ಬಂದಿದ್ದರು. ಚೆಂಡು ನಮ್ಮ ಕೈಯಲ್ಲಿದ್ದರೆ ಮೈಕನ್ ಕೈಗೆ ಹೋಗಲ್ಲ, ಹಾಗಾಗಿ ಚೆಂಡು ಬಿಡಬೇಡಿ. ಇಷ್ಟೇ ಯೋಜನೆ. ನಿಯಮದಲ್ಲಿ ಇದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಹತ್ತು ಸೆಕೆಂಡಿನೊಳಗೆ ಮಧ್ಯದ ಗೆರೆ ದಾಟಬೇಕು, ದಾಟಿದ ಮೇಲೆ ಎಷ್ಟು ಹೊತ್ತು ಬೇಕಾದರೂ ಚೆಂಡು ಇಟ್ಟುಕೊಳ್ಳಬಹುದು. ಪಿಸ್ಟನ್ಸ್ ಆಟಗಾರರು ಗೆರೆ ದಾಟಿ ಅಲ್ಲೇ ಚೆಂಡು ಹಿಡಿದು ನಿಂತರು, ಸುಮ್ನೆ ಒಬ್ಬರಿಂದ ಒಬ್ಬರಿಗೆ ಕೊಟ್ಟುಕೊಂಡರು. ಲೇಕರ್ಸ್ ಬುಟ್ಟಿಯ ಹತ್ತಿರ ಕಾದು ನಿಂತಿತು. ಜನ ಕೂಗಿದರು, ಬೈದರು. ಆಟ ಮಾತ್ರ ಹಾಗೇ ನಡೆಯಿತು.

ಈಗ ಹಾಳೆಗೆ ಬರೋಣ.

ಕ್ವಾರ್ಟರ್ ಲೆಕ್ಕ ಹೀಗಿದೆ. ಮೊದಲ ಕ್ವಾರ್ಟರ್ ಪಿಸ್ಟನ್ಸ್ 8, ಲೇಕರ್ಸ್ 7. ಎರಡನೆಯದು 3 ಮತ್ತು 6. ಮೂರನೆಯದು 5 ಮತ್ತು 4. ಕೊನೆಯದು 3 ಮತ್ತು 1. ಇದನ್ನು ಸ್ವಲ್ಪ ನಿಧಾನಕ್ಕೆ ನೋಡಿ. ಅರ್ಧ ಆಟ ಮುಗಿದಾಗ ಲೇಕರ್ಸ್ 13–11 ಮುಂದಿತ್ತು. ಮೂರನೇ ಕ್ವಾರ್ಟರ್ ಮುಗಿದಾಗಲೂ 17–16 ಮುಂದಿತ್ತು. ಅಂದರೆ ಚೆಂಡು ಹಿಡಿದು ನಿಂತವರು ಹಿಂದಿದ್ದ ತಂಡದವರು! ಇದು ನನಗೆ ಬಹಳ ಹಿಡಿಸಿದ ವಿಷಯ. ಮುಂದಿರೋ ತಂಡ ಸಮಯ ಕಳೆಯೋದು ನಮಗೆಲ್ಲ ಗೊತ್ತು, ಫುಟ್‌ಬಾಲ್‌ನಲ್ಲೂ ನೋಡುತ್ತೇವೆ, ಕಬಡ್ಡಿಯಲ್ಲೂ ನೋಡುತ್ತೇವೆ. ಹಿಂದಿರೋ ತಂಡ ಯಾಕೆ ಸಮಯ ಕಳೆಯಬೇಕು? ಯಾಕೆಂದರೆ ಅವರಿಗೆ ಬೇಕಾಗಿದ್ದು ಮುನ್ನಡೆ ಅಲ್ಲ. ಅಂತರ ಒಂದೋ ಎರಡೋ ಪಾಯಿಂಟಿನಲ್ಲಿ ಉಳಿದರೆ ಸಾಕಿತ್ತು. ಅಷ್ಟು ಉಳಿದರೆ ಕೊನೆಗೆ ಒಂದೇ ಒಂದು ಶಾಟ್ ಬಿದ್ದರೂ ಗೆಲುವು. ಬಲಶಾಲಿ ತಂಡಕ್ಕೆ ತನ್ನ ಬಲ ತೋರಿಸೋಕೆ ಅವಕಾಶಗಳ ಸಂಖ್ಯೆ ಬೇಕು. 80 ಅವಕಾಶ ಸಿಕ್ಕರೆ ಒಳ್ಳೆಯವರು ಗೆದ್ದೇ ಗೆಲ್ಲುತ್ತಾರೆ, 15 ಅವಕಾಶ ಸಿಕ್ಕರೆ ಯಾರು ಬೇಕಾದರೂ ಗೆಲ್ಲಬಹುದು. ಮೆಂಡೆನ್‌ಹಾಲ್ ಮಾಡಿದ್ದು ಇದನ್ನೇ.

ನಾಲ್ಕನೇ ಕ್ವಾರ್ಟರ್‌ನ ಆ "3 ಮತ್ತು 1" ಅಂದರೆ ಏನು? ಲೇಕರ್ಸ್‌ಗೆ 12 ನಿಮಿಷದಲ್ಲಿ ಸಿಕ್ಕಿದ್ದು ಒಂದು ಫ್ರೀ ಥ್ರೋ, ಅಂದರೆ ಎದುರಾಳಿ ಫೌಲ್ ಮಾಡಿದಾಗ ಯಾರ ಅಡ್ಡಿಯೂ ಇಲ್ಲದೆ ಎಸೆಯುವ, ಒಂದು ಪಾಯಿಂಟಿನ ಎಸೆತ. ಪಿಸ್ಟನ್ಸ್‌ಗೆ ಒಂದು ಫ್ರೀ ಥ್ರೋ, ಮತ್ತು ಎರಡು ಪಾಯಿಂಟಿನ ಒಂದು ಬುಟ್ಟಿ. ಆ ಬುಟ್ಟಿ ಬಿದ್ದಿದ್ದು ಆಟ ಮುಗಿಯೋಕೆ ಹತ್ತು ಸೆಕೆಂಡೂ ಇಲ್ಲದಿದ್ದಾಗ. 18–17ರಲ್ಲಿ ಲೇಕರ್ಸ್ ಮುಂದಿತ್ತು. ಕರ್ಲಿ ಆರ್ಮ್‌ಸ್ಟ್ರಾಂಗ್ ಚೆಂಡನ್ನು ಒಳಗೆ ಲ್ಯಾರಿ ಫೌಸ್ಟ್‌ಗೆ ಕೊಟ್ಟರು. ಫೌಸ್ಟ್ ಆ ವರ್ಷವೇ ಲೀಗಿಗೆ ಬಂದ ಹೊಸ ಹುಡುಗ. ಎದುರಿಗೆ ಮೈಕನ್. ಅವರ ಕೈ ಮೇಲಿಂದ ಫೌಸ್ಟ್ ಹಾಕಿದ ಶಾಟ್ ಬಿತ್ತು. ಸತತ 29 ಗೆಲುವಿನ ಸರಣಿ ಅಲ್ಲಿಗೆ ಮುಗಿಯಿತು.

ಇನ್ನು ಆಟಗಾರರ ಸಾಲುಗಳು. ಲೇಕರ್ಸ್ ಕಡೆ ಪಾಯಿಂಟ್ ಮಾಡಿದವರು ಮೂರೇ ಜನ. ಮೈಕನ್ 15, ಬಾಬ್ ಹ್ಯಾರಿಸನ್ 2, ಪೊಲಾರ್ಡ್ 1. ಮಿಕೆಲ್ಸನ್, ಮಾರ್ಟಿನ್ ಅಂಥವರ ಹೆಸರಿನ ಮುಂದೆ ಸೊನ್ನೆ. ಹ್ಯಾರಿಸನ್‌ದು ಎರಡೂ ಫ್ರೀ ಥ್ರೋ, ಪೊಲಾರ್ಡ್‌ದು ಒಂದು ಫ್ರೀ ಥ್ರೋ. ಅಂದರೆ ಲೇಕರ್ಸ್ ಹಾಕಿದ ನಾಲ್ಕು ಫೀಲ್ಡ್ ಗೋಲ್‌ಗಳೂ (ಆಟದ ನಡುವೆ ಹಾಕಿದ ಬುಟ್ಟಿಗಳು) ಮೈಕನ್‌ರವೇ. ಅವರು 11 ಸಲ ಶೂಟ್ ಮಾಡಿ 4 ಹಾಕಿದರು, ಮೇಲೆ 7 ಫ್ರೀ ಥ್ರೋ. ಉಳಿದವರೆಲ್ಲ ಸೇರಿ 7 ಸಲ ಶೂಟ್ ಮಾಡಿದರು, ಒಂದೂ ಬೀಳಲಿಲ್ಲ.

15ನ್ನು 18ರಿಂದ ಭಾಗಿಸಿ. ನೂರಕ್ಕೆ 83.3. ಒಬ್ಬನೇ ಆಟಗಾರ ತನ್ನ ತಂಡದ ಒಟ್ಟು ಸ್ಕೋರ್‌ನಲ್ಲಿ ಇಷ್ಟು ಪಾಲು ಮಾಡಿದ ಉದಾಹರಣೆ ಎನ್‌ಬಿಎಯಲ್ಲಿ ಮತ್ತೊಂದಿಲ್ಲ. ಕ್ರಿಕೆಟ್ ಲೆಕ್ಕದಲ್ಲಿ ಹೇಳಿದರೆ ನಮಗೆ ಬೇಗ ಅರ್ಥವಾಗುತ್ತದೆ. 1877ರ ಮೊಟ್ಟಮೊದಲ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದ ಚಾರ್ಲ್ಸ್ ಬ್ಯಾನರ್ಮನ್ ತಂಡದ 245 ರನ್‌ನಲ್ಲಿ ಒಬ್ಬರೇ 165 ಹೊಡೆದರು. ಅದು ನೂರಕ್ಕೆ 67ರ ಮೇಲೆ ಸ್ವಲ್ಪ. ಮೈಕನ್ ಪಾಲು ಅದಕ್ಕಿಂತಲೂ ಜಾಸ್ತಿ.

ಆದರೆ ಸೀಸನ್ ಸರಾಸರಿ ಇಟ್ಟುಕೊಂಡು ನೋಡಿದರೆ ಇದು ಮೈಕನ್‌ಗೆ ಕೆಟ್ಟ ದಿನ! 28.4 ಎಲ್ಲಿ, 15 ಎಲ್ಲಿ. ಹೆಚ್ಚುಕಡಿಮೆ ಅರ್ಧ. ಸರಾಸರಿಯ ಪಟ್ಟಿಯನ್ನಷ್ಟೇ ನೋಡುವವರಿಗೆ ನವೆಂಬರ್ 22 ಅಂದರೆ ಮೈಕನ್ ಮಂಕಾದ ಒಂದು ರಾತ್ರಿ. ಹಾಳೆಯನ್ನು ಪೂರ್ತಿ ಓದುವವರಿಗೆ, ಇಡೀ ಆಟವನ್ನೇ ತನ್ನಿಂದ ದೂರ ಇಡೋಕೆ ಐದು ಜನ 48 ನಿಮಿಷ ಪಣತೊಟ್ಟು ನಿಂತಾಗಲೂ ಸಿಕ್ಕಿದ ಚೂರುಪಾರು ಅವಕಾಶದಲ್ಲಿ ತಂಡವನ್ನು ಒಬ್ಬರೇ ಹೊತ್ತ ರಾತ್ರಿ. ಎರಡನೇ ಓದೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ. ಅವತ್ತು ಅಂಗಳದಲ್ಲಿ ಎರಡು ತಂಡದಿಂದಲೂ ಬೇರೆ ಯಾರೂ 5 ಪಾಯಿಂಟ್ ದಾಟಲಿಲ್ಲ. ಪಿಸ್ಟನ್ಸ್ ಕಡೆ ಜಾಸ್ತಿ ಮಾಡಿದವರು ಜಾನ್ ಓಲ್ಡಮ್, ಅವರದೇ ಆ 5.

ಈಗ ಫೀಲ್ಡ್ ಗೋಲ್ ಕಾಲಂ. ಪಿಸ್ಟನ್ಸ್ 13 ಸಲ ಶೂಟ್ ಮಾಡಿ 4 ಹಾಕಿತು. ಲೇಕರ್ಸ್ 18 ಸಲ ಶೂಟ್ ಮಾಡಿ 4 ಹಾಕಿತು. ನಾಲ್ಕಕ್ಕೆ ನಾಲ್ಕು, ಸಮ. ಹಾಗಾದರೆ ಗೆಲುವಿನ ಆ ಒಂದು ಪಾಯಿಂಟ್ ಎಲ್ಲಿಂದ ಬಂತು? ಫ್ರೀ ಥ್ರೋಗಳಿಂದ. ಪಿಸ್ಟನ್ಸ್ 11, ಲೇಕರ್ಸ್ 10. ಎಲ್ಲರಿಗೂ ನೆನಪಿರೋದು ಫೌಸ್ಟ್ ಹಾಕಿದ ಕೊನೆಯ ಬುಟ್ಟಿ, ಅದು ಸಹಜ ಕೂಡ. ಆದರೆ ಲೆಕ್ಕದ ಪ್ರಕಾರ ಎರಡು ತಂಡಗಳ ವ್ಯತ್ಯಾಸ ಒಂದು ಫ್ರೀ ಥ್ರೋ ಮಾತ್ರ. ಒಟ್ಟು 37 ಪಾಯಿಂಟಿನಲ್ಲಿ 21 ಫ್ರೀ ಥ್ರೋದಿಂದಲೇ ಬಂದವು, ಅರ್ಧಕ್ಕಿಂತ ಜಾಸ್ತಿ. ಇದಕ್ಕೂ ಕಾರಣ ಇದೆ. ಚೆಂಡು ಹಿಡಿದು ನಿಂತವನಿಂದ ಅದನ್ನು ಕಿತ್ತುಕೊಳ್ಳೋಕೆ ಹೋದರೆ ಫೌಲ್ ಆಗುತ್ತದೆ, ಫೌಲ್ ಆದರೆ ಫ್ರೀ ಥ್ರೋ ಸಿಗುತ್ತದೆ.

"ಶೂಟ್ ಮಾಡೋಕೆ ಬರ್ತಿರಲಿಲ್ಲ" ಅನ್ನೋ ಮಾತಿಗೆ ಉತ್ತರ ಇಲ್ಲೇ ಇದೆ. 13ಕ್ಕೆ 4 ಅಂದರೆ ನೂರಕ್ಕೆ 31ರ ಹತ್ತಿರ. ಆ ಸೀಸನ್‌ನಲ್ಲಿ ಇಡೀ ಲೀಗಿನ ಸರಾಸರಿ ಸುಮಾರು 36. ಹಾಗಾಗಿ ಪಿಸ್ಟನ್ಸ್ ಶೂಟಿಂಗ್ ಅವತ್ತಿನ ಮಟ್ಟಿಗೆ ಸ್ವಲ್ಪ ಕಮ್ಮಿ ಅಷ್ಟೇ. ಲೇಕರ್ಸ್ ಶೂಟಿಂಗ್ ನೂರಕ್ಕೆ 22, ಅದು ಕೆಟ್ಟದ್ದು, ಒಪ್ಪುತ್ತೇನೆ. ಆದರೆ ಸ್ಕೋರ್ ಬಿದ್ದುಹೋಗಿದ್ದು ಅದರಿಂದಲ್ಲ. ಲೀಗಿನ ಸರಾಸರಿಯಂತೆ ನೂರಕ್ಕೆ 36 ಹಾಕಿದ್ದರೂ ಆ 31 ಶಾಟ್‌ನಲ್ಲಿ 11 ಬೀಳುತ್ತಿದ್ದವು, 8ರ ಬದಲು 11. ಸ್ಕೋರ್ 37 ಆಗೋ ಕಡೆ 43 ಆಗುತ್ತಿತ್ತು. ಅಷ್ಟೇ ವ್ಯತ್ಯಾಸ.

ಇಡೀ ಹಾಳೆಯಲ್ಲಿ ನಾನು ಬೆರಳಿಟ್ಟು ತೋರಿಸಬೇಕು ಅಂದುಕೊಂಡಿದ್ದು ಈ 31ನ್ನು. ಆ ಸೀಸನ್‌ನಲ್ಲಿ ಒಂದು ತಂಡವೇ ಒಂದು ಆಟದಲ್ಲಿ ಸಾಮಾನ್ಯವಾಗಿ 80ಕ್ಕೂ ಜಾಸ್ತಿ ಸಲ ಶೂಟ್ ಮಾಡುತ್ತಿತ್ತು. ಎರಡೂ ತಂಡ ಸೇರಿದರೆ 160ರ ಮೇಲೆ. ಅವತ್ತು ಎರಡೂ ತಂಡ ಸೇರಿ 31. 48 ನಿಮಿಷ ಅಂದರೆ 2,880 ಸೆಕೆಂಡ್. ಭಾಗಿಸಿದರೆ ಒಂದು ಶಾಟ್‌ಗೆ 93 ಸೆಕೆಂಡ್. ಒಂದೂವರೆ ನಿಮಿಷಕ್ಕೊಂದು ಶಾಟ್, ಅದೂ ನಾಲ್ಕರಲ್ಲಿ ಮೂರು ಬೀಳದ ಶಾಟ್. ಆ 7,021 ಜನ ಯಾಕೆ ಬೈದರು ಅಂತ ಪಾಯಿಂಟ್ ಕಾಲಂ ನೋಡಿದರೆ ಪೂರ್ತಿ ಅರ್ಥವಾಗಲ್ಲ, ಈ ಕಾಲಂ ನೋಡಿದರೆ ಅರ್ಥವಾಗುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕಾಲೇಜು ದಿನಗಳಲ್ಲಿ ನಾನು ಬೆಂಗಳೂರಿನ ಎಷ್ಟೋ ಟೂರ್ನಮೆಂಟ್‌ಗಳಲ್ಲಿ ಸ್ಕೋರರ್ ಟೇಬಲ್ ಹಿಂದೆ ಕೂತಿದ್ದೇನೆ. ನಮ್ಮಲ್ಲಿ ಬಳಸೋದು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ ಮಾದರಿಯ ಸ್ಕೋರ್‌ಶೀಟ್. ಬುಟ್ಟಿ ಬಿದ್ದರೆ ಓಡುವ ಸ್ಕೋರ್‌ನ ಸಂಖ್ಯೆ ಮೇಲೆ ಓರೆ ಗೆರೆ, ಫ್ರೀ ಥ್ರೋ ಬಿದ್ದರೆ ತುಂಬಿದ ಚುಕ್ಕಿ, ಪಕ್ಕದಲ್ಲಿ ಆಟಗಾರನ ನಂಬರ್, ಇನ್ನೊಂದು ಕಡೆ ಫೌಲ್‌ಗಳು. ಬೀಳದ ಶಾಟ್‌ಗೆ ಅಲ್ಲಿ ಜಾಗವೇ ಇಲ್ಲ. ಮಿನಿಯಾಪೊಲಿಸ್‌ನ ಆ ರಾತ್ರಿ ನಾನು ಆ ಹಾಳೆ ಹಿಡಿದು ಕೂತಿದ್ದರೆ 19, 18, ಮೈಕನ್ 15, ಓಲ್ಡಮ್ 5 ಎಲ್ಲ ಸಿಗುತ್ತಿತ್ತು, 31 ಮಾತ್ರ ಸಿಗುತ್ತಿರಲಿಲ್ಲ. ಅಮೆರಿಕದ ಆ ಲೀಗು 1946ರ ಮೊದಲ ಸೀಸನ್‌ನಿಂದಲೇ ಶಾಟ್ ಪ್ರಯತ್ನಗಳನ್ನೂ ಎಣಿಸಿ ಇಟ್ಟಿತ್ತು. ರೀಬೌಂಡ್ (ಬೀಳದ ಶಾಟ್‌ನ ಚೆಂಡು ಹಿಡಿಯೋದು) ಎಣಿಕೆ ಶುರುವಾಗಿದ್ದು ಈ ಆಟ ನಡೆದ 1950–51ರ ಸೀಸನ್‌ನಲ್ಲಿ, ಆಡಿದ ನಿಮಿಷಗಳದ್ದು ಅದರ ಮುಂದಿನ ವರ್ಷ. ಸ್ಟೀಲ್ (ಚೆಂಡು ಕಿತ್ತುಕೊಳ್ಳೋದು), ಬ್ಲಾಕ್ (ಶಾಟ್ ತಡೆಯೋದು) ಬರೆಯೋಕೆ 1973ರವರೆಗೆ ಕಾಯಬೇಕಾಯಿತು. ಆದ್ದರಿಂದ ಮೈಕನ್ ಅವತ್ತು ಎಷ್ಟು ಶಾಟ್ ತಡೆದರು ಅಂತ ಯಾವ ಹಾಳೆಯಲ್ಲೂ ಇಲ್ಲ. ನನಗೆ ಅದು ನಿಜಕ್ಕೂ ನೋವಿನ ವಿಷಯ, ಯಾಕೆಂದರೆ ಆ ಮನುಷ್ಯನ ಅರ್ಧ ಆಟ ಇದ್ದಿದ್ದೇ ಆ ತಡೆಯುವುದರಲ್ಲಿ.

ಸರಿ, ಆಮೇಲೆ ಏನಾಯಿತು? ಕೂಡಲೇ ನಿಯಮ ಬದಲಾಯಿತು ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನೂ ಆಗಲಿಲ್ಲ. ಮರುವರ್ಷ, ಅಂದರೆ 1951ರಲ್ಲಿ, ಬುಟ್ಟಿಯ ಮುಂದಿನ ಲೇನ್ ಅಗಲವನ್ನು 6 ಅಡಿಯಿಂದ 12 ಅಡಿಗೆ ಹೆಚ್ಚಿಸಿದರು. ಮೈಕನ್ ಬುಟ್ಟಿಯ ಕೆಳಗೇ ಬೇರೂರಿ ನಿಲ್ಲಬಾರದು ಅನ್ನೋದು ಉದ್ದೇಶ. ಚೆಂಡು ಹಿಡಿದು ನಿಲ್ಲೋ ರೋಗಕ್ಕೆ ಅದು ಔಷಧ ಆಗಿರಲಿಲ್ಲ. ಆ ರೋಗ ಬೇರೆ ರೂಪದಲ್ಲಿ ಬೆಳೆಯಿತು. ಮುಂದಿದ್ದ ತಂಡ ಚೆಂಡು ಹಿಡಿದು ನಿಲ್ಲುತ್ತದೆ, ಹಿಂದಿದ್ದ ತಂಡ ಬೇಕಂತಲೇ ಫೌಲ್ ಮಾಡುತ್ತದೆ, ಫ್ರೀ ಥ್ರೋ ಆಗುತ್ತದೆ, ಮತ್ತೆ ಫೌಲ್. 1953ರ ಮಾರ್ಚ್ 21ರಂದು ಬೋಸ್ಟನ್ ಮತ್ತು ಸಿರಾಕ್ಯೂಸ್ ನಡುವಿನ ಪ್ಲೇಆಫ್ ಆಟ ನಾಲ್ಕು ಓವರ್‌ಟೈಮ್‌ವರೆಗೆ ಹೋಗಿ 111–105ಕ್ಕೆ ಮುಗಿಯಿತು. ಬಾಬ್ ಕೂಸಿ 50 ಪಾಯಿಂಟ್ ಮಾಡಿದರು. ಅವರ ಸಾಲು ಬಿಡಿಸಿ ನೋಡಿ: 10 ಬುಟ್ಟಿ, 30 ಫ್ರೀ ಥ್ರೋ. 50ರಲ್ಲಿ 30 ಪಾಯಿಂಟ್ ಗಡಿಯಾರ ನಿಂತಿದ್ದಾಗ ಬಂದಿದ್ದು. 19–18ರ ಹಾಳೆಯಲ್ಲಿ ಕಂಡ ಅದೇ ಗುರುತು ಇಲ್ಲೂ ಕಾಣುತ್ತದೆ, ಸ್ಕೋರ್ ಮಾತ್ರ ದೊಡ್ಡದು. ಲೀಗಿನ ತಂಡಗಳ ಸರಾಸರಿ 1953–54ರ ಹೊತ್ತಿಗೆ 79.5ಕ್ಕೆ ಇಳಿದಿತ್ತು.

ಇದಕ್ಕೆ ಮದ್ದು ಬಂದಿದ್ದು ಸಿರಾಕ್ಯೂಸ್ ನ್ಯಾಷನಲ್ಸ್ ತಂಡದಿಂದ. ಮಾಲೀಕ ಡ್ಯಾನಿ ಬಯಸೋನ್, ಮತ್ತು ತಂಡದ ಆಡಳಿತ ನೋಡಿಕೊಳ್ಳುತ್ತಿದ್ದ ಲಿಯೋ ಫೆರಿಸ್. ಅವರ ಲೆಕ್ಕ ಬಹಳ ಸರಳ. ನೋಡೋಕೆ ಚೆನ್ನಾಗಿದ್ದ ಆಟಗಳಲ್ಲಿ ಒಂದೊಂದು ತಂಡ ಸುಮಾರು 60 ಸಲ ಶೂಟ್ ಮಾಡುತ್ತದೆ, ಎರಡೂ ಸೇರಿ 120. ಆಟ ಇರೋದು 2,880 ಸೆಕೆಂಡ್. 120ರಿಂದ ಭಾಗಿಸಿದರೆ 24. ಚೆಂಡು ಸಿಕ್ಕ 24 ಸೆಕೆಂಡಿನೊಳಗೆ ಶೂಟ್ ಮಾಡಲೇಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಈ ಲೆಕ್ಕ ಹುಟ್ಟಿದ್ದು ಶಾಟ್ ಪ್ರಯತ್ನದ ಕಾಲಂನಿಂದ ಅನ್ನೋದನ್ನು ಗಮನಿಸಿ. ಎಷ್ಟು ಪಾಯಿಂಟ್ ಬರಬೇಕು ಅಂತ ಅವರು ಕೂತು ಲೆಕ್ಕ ಹಾಕಲಿಲ್ಲ, ಎಷ್ಟು ಸಲ ಪ್ರಯತ್ನ ಆಗಬೇಕು ಅಂತ ಹಾಕಿದರು. ಆಗ ಸಾಮಾನ್ಯ ಆಟದಲ್ಲಿ ತಂಡಗಳು 60ಕ್ಕಿಂತ ಜಾಸ್ತಿಯೇ ಶೂಟ್ ಮಾಡುತ್ತಿದ್ದವು. ಹಾಗಾಗಿ 24 ಸೆಕೆಂಡ್ ಅಂದರೆ ಸಾಮಾನ್ಯ ಆಟಕ್ಕೆ ಹಾಕಿದ ಚಾಟಿ ಅಲ್ಲ, ನೆಲಕ್ಕೆ ಹಾಕಿದ ಗಟ್ಟಿ ತಳ. ಎಷ್ಟೇ ನಿಧಾನ ಮಾಡಿದರೂ 31ಕ್ಕೆ ಇಳಿಯೋಕೆ ಆಗಬಾರದು.

ಕಬಡ್ಡಿ ನೋಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ ಅಲ್ವಾ? ರೈಡ್‌ಗೆ 30 ಸೆಕೆಂಡ್. ಎರಡು ರೈಡ್ ಖಾಲಿ ಹೋದರೆ ಪ್ರೊ ಕಬಡ್ಡಿಯಲ್ಲಿ ಮೂರನೆಯದು ಡು ಆರ್ ಡೈ. ಸುಮ್ನೆ ಗೆರೆ ಮುಟ್ಟಿ ವಾಪಸ್ ಬರೋ ಆಟವನ್ನು ನಿಲ್ಲಿಸೋಕೆ ಅಲ್ಲೂ ಇದೇ ದಾರಿ ಹಿಡಿದರು.

1954ರ ಅಕ್ಟೋಬರ್ 30ರಂದು ಈ 24 ಸೆಕೆಂಡ್ ಎಣಿಸುವ ಗಡಿಯಾರ, ಅಂದರೆ ಶಾಟ್ ಕ್ಲಾಕ್ ಇಟ್ಟು ಲೀಗಿನ ಮೊದಲ ಆಟ ನಡೆಯಿತು. ರಾಚೆಸ್ಟರ್ 98, ಬೋಸ್ಟನ್ 95. ಆ ಸೀಸನ್‌ನಲ್ಲಿ ತಂಡಗಳ ಸರಾಸರಿ 79.5ರಿಂದ 93.1ಕ್ಕೆ ಏರಿತು. ಒಂದೇ ವರ್ಷದಲ್ಲಿ! ಫಿಬಾ 1956ರಲ್ಲಿ 30 ಸೆಕೆಂಡ್ ನಿಯಮ ತಂದಿತು, 24ಕ್ಕೆ ಬಂದಿದ್ದು 2000ದಲ್ಲಿ. ನಮ್ಮೂರ ಟೂರ್ನಮೆಂಟ್‌ಗಳಲ್ಲಿ ಇವತ್ತು ಟೇಬಲ್‌ನಲ್ಲಿ ಕೂತವರು ಒತ್ತುವ ಆ ಗಡಿಯಾರದ ಗುಂಡಿ ಇಲ್ಲಿಂದ ಬಂದಿದ್ದು. ಸಣ್ಣ ಊರುಗಳಲ್ಲಿ ಗಡಿಯಾರ ಇರಲ್ಲ, ರೆಫರಿ ಬಾಯಲ್ಲೇ ಎಣಿಸುತ್ತಾರೆ. ಅಂಥ ಕಡೆ ಕೊನೆಯ ಐದು ನಿಮಿಷ ಚೆಂಡು ಹಿಡಿದು ನಿಲ್ಲೋ ತಂಡಗಳನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಗಡಿಯಾರ ಕೊಳ್ಳೋದು ದುಬಾರಿ ಖರ್ಚು ಅಂತ ಗೊತ್ತು, ಆದರೂ ಜರ್ಸಿ, ಶೀಲ್ಡ್, ಪೆಂಡಾಲಿಗಿಂತ ಮೊದಲು ಅದನ್ನೇ ಕೊಳ್ಳಿ ಅಂತ ಆಯೋಜಕರಲ್ಲಿ ನನ್ನ ಮನವಿ.

ಮೆಂಡೆನ್‌ಹಾಲ್ ಮಾಡಿದ್ದು ತಪ್ಪಾ? ನನ್ನ ಪ್ರಕಾರ ಅಲ್ಲ. ನಿಯಮದೊಳಗೆ ಆಡಿದರು, ಗೆದ್ದರು. ಅವರ ಹುಡುಗರಿಗೆ ಆ ರಾತ್ರಿ ಗೆಲ್ಲೋಕೆ ಅದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ತಪ್ಪಿದ್ದಿದ್ದು ನಿಯಮದಲ್ಲಿ. ಅದನ್ನು ತಿದ್ದೋಕೆ ಲೀಗಿಗೆ ಇನ್ನೂ ನಾಲ್ಕು ವರ್ಷ ಬೇಕಾಯಿತು, ಮತ್ತು ಆ ನಾಲ್ಕು ವರ್ಷ ನೋಡಿದ ಜನರ ಮೇಲೆ ನನಗೆ ಅನುಕಂಪ ಇದೆ.

ಇದೇ ಪಿಸ್ಟನ್ಸ್ 1955ರಲ್ಲಿ ಫೈನಲ್‌ಗೆ ಬಂತು. ಎದುರಾಳಿ ಯಾರು ಗೊತ್ತಾ? ಗಡಿಯಾರ ತಂದ ಸಿರಾಕ್ಯೂಸ್. ಸರಣಿ ಏಳನೇ ಆಟದವರೆಗೂ ಹೋಯಿತು. ಏಪ್ರಿಲ್ 10ರಂದು ಆ ಕೊನೆಯ ಆಟ 92–91ಕ್ಕೆ ಮುಗಿಯಿತು, ಸಿರಾಕ್ಯೂಸ್ ಗೆದ್ದಿತು. ಜಾರ್ಜ್ ಕಿಂಗ್ ಕೊನೆಯ ಸೆಕೆಂಡುಗಳಲ್ಲಿ ಹಾಕಿದ ಒಂದು ಫ್ರೀ ಥ್ರೋ, ಆಮೇಲೆ ಪಿಸ್ಟನ್ಸ್ ಕೈಯಿಂದ ಕಿತ್ತುಕೊಂಡ ಒಂದು ಚೆಂಡು, ಅಷ್ಟರಲ್ಲೇ ತೀರ್ಮಾನ ಆಯಿತು. ಮತ್ತೆ ಒಂದೇ ಪಾಯಿಂಟ್ ಅಂತರ, ಈ ಸಲ ಪಿಸ್ಟನ್ಸ್ ಸೋತ ಕಡೆ. ಮೈಕನ್ ಕೈ ಮೇಲಿಂದ ಶಾಟ್ ಹಾಕಿದ ಲ್ಯಾರಿ ಫೌಸ್ಟ್ ಆಗಲೂ ಪಿಸ್ಟನ್ಸ್ ತಂಡದಲ್ಲೇ ಇದ್ದರು.

ಇನ್ನೊಂದು ಹಾಳೆ ಇದೆ, ಅದನ್ನು ತೋರಿಸಿ ನಿಲ್ಲಿಸುತ್ತೇನೆ. 1983ರ ಡಿಸೆಂಬರ್ 13, ಡೆನ್ವರ್. ಎನ್‌ಬಿಎಯಲ್ಲಿ ಅತಿ ಹೆಚ್ಚು ಸ್ಕೋರ್ ಆದ ಆಟ. ಮೂರು ಓವರ್‌ಟೈಮ್, 63 ನಿಮಿಷ. ಕಿಕಿ ವ್ಯಾಂಡವೇ 51, ಅಲೆಕ್ಸ್ ಇಂಗ್ಲಿಷ್ 47, ಐಸಯಾ ಥಾಮಸ್ 47, ಜಾನ್ ಲಾಂಗ್ 41. ಎರಡೂ ತಂಡ ಸೇರಿ ಹಾಕಿದ ಬುಟ್ಟಿಗಳು 142, ಮಿನಿಯಾಪೊಲಿಸ್‌ನಲ್ಲಿ ಬಿದ್ದಿದ್ದು 8. ಗೆದ್ದಿದ್ದು ಅದೇ ಪಿಸ್ಟನ್ಸ್, ಡೆಟ್ರಾಯಿಟ್ ಅನ್ನೋ ಹೆಸರಿನಲ್ಲಿ, 186–184. ಕೂಡಿಸಿ ನೋಡಿ, 370. ಆ ಹಳೆಯ ರಾತ್ರಿಯ 37ಕ್ಕೆ ಸರಿಯಾಗಿ ಹತ್ತರಷ್ಟು.